"ನೈಸ್ ಕ್ಲಿಕ್" ಬಿಟ್ರೆ ಬೇರೆ ಕಾಮೆಂಟೇ ಬರಲ್ಲ, ಏನ್ ಮಾಡ್ಲಿ?

ಫೋಟೋಗ್ರಾಫರ್‌ಗಳು ಈ ಸಲ ಕಳಿಸಿರೋ ಪ್ರಶ್ನೆಗಳನ್ನ ಒಟ್ಟಿಗೆ ಕೂತು ಓದಿದೆ, ಮುಕ್ಕಾಲು ಪಾಲು ಒಂದೇ ಗೋಳು. ಕ್ಯಾಮೆರಾ ಇದೆ, ಕೆಲಸ ಗೊತ್ತು, ದಿನಾ ಪೋಸ್ಟೂ ಹಾಕ್ತಾರೆ, ಆದ್ರೆ ಆ ಕಡೆಯಿಂದ ಯಾರೂ ಮಾತಾಡ್ತಿಲ್ಲ. ಒಂದಿಷ್ಟು ಪ್ರಶ್ನೆ ಆರಿಸ್ಕೊಂಡಿದೀನಿ, ಮೊದಲನೇದಕ್ಕೇ ಜಾಸ್ತಿ ಜಾಗ ಹೋಗಿದೆ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಮೂರು ವರ್ಷದಿಂದ ಇನ್‌ಸ್ಟಾಗ್ರಾಂನಲ್ಲಿ ಹಕ್ಕಿ ಫೋಟೋ ಹಾಕ್ತಿದೀನಿ. ಒಂದೊಂದಕ್ಕೂ ಗಂಟೆಗಟ್ಲೆ ಎಡಿಟಿಂಗ್ ಮಾಡಿರ್ತೀನಿ. ಲೈಕ್ ಐವತ್ತು ದಾಟಲ್ಲ, ಅದೂ ಅದೇ ಫ್ರೆಂಡ್ಸು. ಕಾಮೆಂಟ್ ಅಂದ್ರೆ "ನೈಸ್ ಕ್ಲಿಕ್", ಇಲ್ಲಾ ಬೆಂಕಿ ಇಮೋಜಿ. ನನ್ನ ಫೋಟೋ ಅಷ್ಟು ಕೆಟ್ಟದಾಗಿದ್ಯಾ?

ಕೆಟ್ಟದಾಗಿಲ್ಲ, ನೀವು ಕಳಿಸಿದ್ದನ್ನೆಲ್ಲ ನೋಡಿದೆ, ಚೆನ್ನಾಗೇ ಇವೆ. ತೊಂದರೆ ಏನಪ್ಪಾ ಅಂದ್ರೆ ಎಲ್ಲಾ ಕೆಲಸ ನೀವೇ ಮುಗಿಸಿಬಿಟ್ಟಿದೀರಿ, ನೋಡೋರಿಗೆ ಅಲ್ಲಿ ಏನೂ ಉಳಿದಿಲ್ಲ. ಫ್ರೇಮ್ ಹಾಕಿ ಗೋಡೆಗೆ ಹೊಡೆದ ಫೋಟೋ ಮುಂದೆ ನಿಂತ ನೆಂಟರು ಏನಂತಾರೆ? "ಚೆನ್ನಾಗಿದೆ" ಅಂತಾರೆ, ಮುಂದಕ್ಕೆ ಹೋಗ್ತಾರೆ. "ನೈಸ್ ಕ್ಲಿಕ್" ಅನ್ನೋದು ಅದೇ. ಪಾಪ, ಅವರಿಗೆ ಬೇರೆ ಏನ್ ಹೇಳ್ಬೇಕು ಅಂತ ಗೊತ್ತಿಲ್ಲ.

ಜನಕ್ಕೆ ಮಾತು ಬರೋದು ನೀವು ತಲೆ ಕೆರ್ಕೊಂಡ ಜಾಗದಲ್ಲಿ. ನನ್ನದೇ ಒಂದು ಉದಾಹರಣೆ ಹೇಳ್ತೀನಿ. ಮಿಂಚುಳ್ಳಿ ಒಂದು ನೀರಿಗೆ ಧುಮುಕಿ ಮೇಲೆ ಬರೋದನ್ನ ಹೊಡೆದಿದ್ದೆ, ಕೊನೆಗೆ ಮೂರು ಫ್ರೇಮ್ ಉಳೀತು. ಒಂದ್ರಲ್ಲಿ ಕಣ್ಣು ಸೂಜಿಮೊನೆ ಥರ ಶಾರ್ಪ್, ಆದ್ರೆ ರೆಕ್ಕೆ ಅರ್ಧ ಮುಖಕ್ಕೆ ಅಡ್ಡ ಬಂದಿದೆ. ಎರಡನೇದ್ರಲ್ಲಿ ರೆಕ್ಕೆ ಪೂರ್ತಿ ಬಿಚ್ಚಿದೆ, ನೀರಿನ ಹನಿ ಸಾಲಾಗಿ ಗಾಳೀಲಿ ನಿಂತಿವೆ, ಫೋಕಸ್ ಮಾತ್ರ ಹೋಗಿ ಬಾಲದ ಮೇಲೆ ಕೂತಿದೆ. ಮೂರನೇದ್ರಲ್ಲಿ ಎಲ್ಲಾ ಸರಿ, ಆದ್ರೆ ಕೊಕ್ಕಲ್ಲಿ ಮೀನೇ ಇಲ್ಲ. ಮೂರನ್ನೂ ಒಂದೇ ಕ್ಯಾರೋಸೆಲ್‌ನಲ್ಲಿ, ಅಂದ್ರೆ ಸ್ವೈಪ್ ಮಾಡಿ ನೋಡೋ ಒಂದೇ ಪೋಸ್ಟ್‌ನಲ್ಲಿ ಹಾಕಿ, ಒಂದನ್ನ ಮಾತ್ರ ಇಟ್ಕೊಂಡು ಉಳಿದಿದ್ದು ಡಿಲೀಟ್ ಮಾಡ್ಬೇಕು ಅಂದ್ರೆ ಯಾವುದು ಇಟ್ಕೋತೀರಿ, ಯಾಕೆ ಅಂತ ಕೇಳಿದೆ. ಅಷ್ಟೇ. ಜನ ಜಗಳಕ್ಕೇ ಬಿದ್ರು. ಶಾರ್ಪ್‌ನೆಸ್ ಪಾರ್ಟಿ ಒಂದು ಕಡೆ, ರೆಕ್ಕೆ ಪಾರ್ಟಿ ಇನ್ನೊಂದು ಕಡೆ. ಯಾವತ್ತೂ ಒಂದಕ್ಷರ ಬರೆಯದೇ ಇದ್ದ ಒಬ್ರು ಬಂದು, "ಮೀನು ತಪ್ಪಿಸ್ಕೊಂಡಿದ್ದೇ ಅಲ್ವಾ ಕಥೆ, ಮೂರನೇದೇ ಇಟ್ಕೊಳಿ" ಅಂದ್ರು. ನಾನು ಡಿಲೀಟ್ ಮಾಡ್ಬೇಕು ಅಂದ್ಕೊಂಡಿದ್ದು ಅದನ್ನೇ!

ಇದ್ರಲ್ಲಿ ಒಂದು ಸೂಕ್ಷ್ಮ ಇದೆ. ಪ್ರಶ್ನೆ ನಿಮಗೇ ನಿಜವಾಗ್ಲೂ ಕಷ್ಟ ಆಗಿರ್ಬೇಕು. ಒಂದು ಚೆನ್ನಾಗಿರೋದು, ಎರಡು ಹಾಳಾಗಿರೋದು ಹಾಕಿ "ಒಂದಾ ಎರಡಾ ಮೂರಾ?" ಅಂತ ಕೇಳಿದ್ರೆ ಅದು ನಾಟಕ ಅಂತ ಎಲ್ರಿಗೂ ಗೊತ್ತಾಗತ್ತೆ. "ಮೂರು ಜನ ಫ್ರೆಂಡ್ಸ್‌ನ ಟ್ಯಾಗ್ ಮಾಡಿ", "ಇಷ್ಟ ಆದ್ರೆ ಯೆಸ್ ಅಂತ ಬರೀರಿ" ಅನ್ನೋದಂತೂ ಬೇಡವೇ ಬೇಡ, ಈ ಥರ ಲೈಕು ಕಾಮೆಂಟು ಬೇಡೋ ಪೋಸ್ಟ್‌ಗಳನ್ನ ಕೆಳಗೆ ತಳ್ತೀವಿ ಅಂತ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿತ್ತು.

ಇದೇ ದಾರೀಲಿ ಇನ್ನೂ ಬೇಕಾದಷ್ಟು ಮಾಡಬಹುದು. ಒಂದೇ ಕೊಂಬೆ, ಒಂದೇ ಹಕ್ಕಿ, 1/500 ಸೆಕೆಂಡ್ ಶಟರ್ ಸ್ಪೀಡ್‌ನಲ್ಲಿ ರೆಕ್ಕೆ ಕದಡಿ ಹೋಗಿದ್ದು ಮತ್ತೆ 1/3200ಕ್ಕೆ ಏರಿಸಿದ್ಮೇಲೆ ನಿಂತಿದ್ದು, ಎರಡೂ ಪಕ್ಕಪಕ್ಕ ಹಾಕಿ, ಅದಕ್ಕೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) ಎಲ್ಲಿಗೆ ಹೋಯ್ತು, ಗ್ರೈನ್, ಅಂದ್ರೆ ಪುಡಿಪುಡಿ ಚುಕ್ಕೆ ಎಷ್ಟು ಬಂತು ಅಂತ ಜೂಮ್ ಮಾಡಿ ತೋರ್ಸಿ. ಕಲಿಯೋರು ಇದನ್ನ ಸೇವ್ ಮಾಡ್ಕೋತಾರೆ. ಇಲ್ಲಾ ಒಂದು ಫೋಟೋಗೆ ಮುಂಚೆ ಹೊಡೆದ ಹತ್ತು ಫ್ರೇಮ್ ಸಾಲಾಗಿ ಹಾಕಿ. ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ "ಮೈಗ್ರೆಂಟ್ ಮದರ್" ಎಲ್ರೂ ನೋಡಿರ್ತೀರಿ, ಆದ್ರೆ ಅದೇ ತಾಯಿ ಮಕ್ಕಳನ್ನ ಮೊದಲು ದೂರದಿಂದ, ಟೆಂಟ್ ಸಮೇತ ತೆಗೆದಿರೋ ಫ್ರೇಮ್‌ಗಳೂ ಇವೆ, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಅವನ್ನೂ ಜೊತೇಲಿ ಇಟ್ಕೊಂಡು ನೋಡಿ, ದೂರದ ಫ್ರೇಮ್ ಯಾಕೆ ಸಾಲ್ದು, ಹತ್ರದ್ದು ಯಾಕೆ ತಾಗತ್ತೆ ಅಂತ ಯಾರೂ ಹೇಳ್ಕೊಡದೇ ಅರ್ಥ ಆಗತ್ತೆ.

ಎಡಿಟಿಂಗ್ ತೋರ್ಸೋದಾದ್ರೂ ಅಷ್ಟೇ, ಬರೀ ಮೊದಲು-ನಂತರ ಹಾಕಿದ್ರೆ ಮ್ಯಾಜಿಕ್ ಶೋ ಆಗತ್ತೆ. ನಡುವಿನ ಎರಡು ಸ್ಟೆಪ್ ಹಾಕಿ, ಅದ್ರಲ್ಲೂ "ಇಲ್ಲಿ ಸ್ಯಾಚುರೇಶನ್ ಜಾಸ್ತಿ ಮಾಡಿ ಕೆಡಿಸಿದ್ದೆ, ವಾಪಸ್ ಬಂದೆ" ಅನ್ನೋ ಸ್ಟೆಪ್ ಸಿಕ್ಕಿದ್ರೆ ಬಿಡಲೇಬೇಡಿ.

ಪ್ರಶ್ನೆ: ನಾನು ಪೋರ್ಟ್ರೇಟ್ ಫೋಟೋಗ್ರಾಫರ್. ಎಲ್ರೂ ರೀಲ್ಸ್ ಮಾಡು ಅಂತಾರೆ. ನನಗೆ ಕ್ಯಾಮೆರಾ ಮುಂದೆ ನಿಂತ್ಕೊಂಡು ಮಾತಾಡೋಕೆ ಆಗಲ್ಲ, ಕುಣಿಯೋಕಂತೂ ಆಗಲ್ಲ. ಫೋಟೋ ತೆಗೆಯೋನು ವಿಡಿಯೋ ಯಾಕೆ ಮಾಡ್ಬೇಕು?

ಮಾಡ್ಲೇಬೇಕು ಅಂತ ಕಾನೂನೇನಿಲ್ಲ. ಆದ್ರೆ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಮ್ ಮೊಸ್ಸೆರಿ 2025ರ ಆರಂಭದಲ್ಲಿ ಹೇಳಿದ್ದನ್ನ ಒಂದು ಸಲ ಯೋಚ್ನೆ ಮಾಡಿ: ಪೋಸ್ಟ್ ಮುಂದೆ ಹೋಗೋಕೆ ಅವರು ಮುಖ್ಯವಾಗಿ ನೋಡೋದು ಮೂರು, ಎಷ್ಟು ಹೊತ್ತು ನೋಡಿದ್ರು, ಎಷ್ಟು ಲೈಕ್, ಎಷ್ಟು ಜನ ಬೇರೆಯವರಿಗೆ ಕಳಿಸಿದ್ರು. ನಿಮ್ಮನ್ನ ಫಾಲೋ ಮಾಡದೇ ಇರೋ ಹೊಸಬ್ರನ್ನ ಮುಟ್ಟೋಕೆ ಈ ಕಳ್ಸೋದೇ ಜಾಸ್ತಿ ಲೆಕ್ಕಕ್ಕೆ ಬರೋದು. ಅಂದ್ರೆ ಪೋಸ್ಟ್ ಹಾಕೋಕೆ ಮುಂಚೆ ಕೇಳ್ಕೋಬೇಕಾದ ಪ್ರಶ್ನೆ "ಇದನ್ನ ಯಾರು ಯಾರಿಗೆ ಕಳಿಸ್ತಾರೆ?" ಅಂತ. "ಫೋಟೋದಲ್ಲಿ ನನ್ನ ಕೈ ಎಲ್ಲಿ ಇಡ್ಲಿ ಅಂತ ಗೊತ್ತಾಗಲ್ಲ" ಅನ್ನೋರಿಗೆ ಒಂದು ಪೋಸ್ಟ್ ಮಾಡಿ ನೋಡಿ, ಅಂಥ ಫ್ರೆಂಡ್ ಎಲ್ರಿಗೂ ಒಬ್ರು ಇರ್ತಾರೆ.

ಮುಖ ತೋರ್ಸೋದು ಬೇಡ. ಫೋನ್‌ನ ನಿಮ್ಮ ಭುಜದ ಹಿಂದೆ ಸ್ಟ್ಯಾಂಡ್‌ಗೆ ಹಾಕಿ, ಶೂಟ್ ಪೂರ್ತಿ ಓಡ್ಲಿ. ಮನೆಗೆ ಬಂದು ಅದ್ರಲ್ಲಿ ಹದಿನೈದು ಸೆಕೆಂಡ್ ಹುಡುಕಿ: ಕೂತವರು ಮರದ ಥರ ಸೆಟೆದು ಕೂತಿರ್ತಾರೆ, ನೀವು ಏನೋ ಹೇಳ್ತೀರಿ, ಭುಜ ಕೆಳಗಿಳಿಯತ್ತೆ, ಕ್ಲಿಕ್. ಆ ಶಟರ್ ಸೌಂಡ್ ಹಾಗೇ ಇರ್ಲಿ, ಮೇಲೆ ಟ್ರೆಂಡಿಂಗ್ ಹಾಡು ಸುರೀಬೇಡಿ. ಕೊನೇಲಿ ಬರೋ ಫೋಟೋನ ಬೇಕಾದ್ರೆ ಮೊದಲ ಸೆಕೆಂಡ್‌ನಲ್ಲೇ ಒಂದು ಸಲ ತೋರ್ಸಿಬಿಡಿ, ಅದು ಹೇಗ್ ಬಂತು ಅಂತ ನೋಡೋಕೆ ಜನ ಕೂರ್ತಾರೆ. ಹಾಕೋಕೆ ಮುಂಚೆ ಕೂತವರನ್ನ ಕೇಳಿ, ಫೋಟೋಗೆ ಒಪ್ಪಿದ್ದಾರೆ ಅಂದ್ರೆ ವಿಡಿಯೋಗೂ ಒಪ್ಪಿದ್ದಾರೆ ಅಂತಲ್ಲ.

ಇಷ್ಟೂ ಬೇಡ ಅಂದ್ರೆ ಕ್ಯಾರೋಸೆಲ್ ಇದ್ದೇ ಇದೆ. 2017ರಲ್ಲಿ ಶುರುವಾದಾಗ ಹತ್ತು ಫೋಟೋ, 2024ರಿಂದ ಇಪ್ಪತ್ತು. ಇಪ್ಪತ್ತೂ ತುಂಬಿಸ್ಬೇಕು ಅಂತಿಲ್ಲ ಮಾರಾಯ್ರೆ, ಐದಾರು ಸಾಕು.

ಪ್ರಶ್ನೆ: ಕ್ಯಾಪ್ಷನ್‌ಗೆ ಏನ್ ಬರೀಬೇಕು ಅನ್ನೋದೇ ತಲೆನೋವು. ಇಷ್ಟು ದಿನ ಜೀವನದ ಬಗ್ಗೆ ಒಂದು ಕೋಟ್ ಹುಡುಕಿ ಹಾಕ್ತಿದ್ದೆ. ಏನೂ ಬರೀದೇ ಬಿಟ್ರೆ ಆಗಲ್ವಾ?

ಕೋಟ್‌ಗಿಂತ ಖಾಲಿ ಬಿಡೋದು ವಾಸಿ, ಖಂಡಿತ. ಸೂರ್ಯಾಸ್ತದ ಫೋಟೋ ಕೆಳಗೆ ಜೀವನದ ಪಾಠ ಓದಿ ಓದಿ ನನಗಂತೂ ಸಾಕಾಗಿದೆ.

ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಅವರ "ಮೂನ್‌ರೈಸ್, ಹರ್ನಾಂಡೆಜ್" ಅನ್ನೋ ಫೋಟೋ ಇದೆ, 1941ರದ್ದು, ಕಪ್ಪು ಆಕಾಶ, ಚಂದ್ರ, ಕೆಳಗೆ ಊರು, ಬೆಳ್ಳಗೆ ಹೊಳೆಯೋ ಶಿಲುಬೆಗಳು. ನೋಡಿದ್ರೆ "ಆಹಾ" ಅಂತೀವಿ. ಈಗ ಇದನ್ನ ಕೇಳಿ: ಆ ಮನುಷ್ಯ ಕಾರ್ ನಿಲ್ಲಿಸಿ ಇಳಿದು ಕ್ಯಾಮೆರಾ ಹೂಡೋಷ್ಟರಲ್ಲಿ ಸೂರ್ಯ ಮುಳುಗ್ತಾ ಇದೆ, ಬೆಳಕು ಅಳೆಯೋ ಲೈಟ್ ಮೀಟರ್ ಹುಡುಕಿದ್ರೆ ಸಿಗ್ತಿಲ್ಲ. ಚಂದ್ರನ ಬೆಳಕು ಎಷ್ಟು ಅನ್ನೋದು ಅವರಿಗೆ ಬಾಯಿಪಾಠ ಇತ್ತು, ಆ ಲೆಕ್ಕದ ಮೇಲೇ ಎಕ್ಸ್‌ಪೋಶರ್ ಕೊಟ್ಟು ಒಂದು ತೆಗೆದ್ರು. ಇನ್ನೊಂದು ತೆಗೆಯೋಣ ಅಂತ ಫಿಲ್ಮ್ ಹೋಲ್ಡರ್ ತಿರುಗಿಸೋಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗೇಬಿಡ್ತು. ಈಗ ಫೋಟೋ ಇನ್ನೊಂದು ಸಲ ನೋಡ್ಬೇಕು ಅನ್ಸಲ್ವಾ? ಆ ಮೀಟರ್ ಕಳ್ಕೊಂಡಿದ್ದೇ ಕ್ಯಾಪ್ಷನ್.

ನಿಮ್ಮ ಫೋಟೋದಲ್ಲೂ ಅಂಥದ್ದು ಏನೋ ಒಂದು ಇದ್ದೇ ಇರತ್ತೆ. ಲೆನ್ಸ್ ಮೇಲೆ ಮಂಜು ಹಿಡಿದಿದ್ದು, ಬ್ಯಾಟರಿ ಕೆಂಪಗೆ ಮಿನುಗ್ತಿದ್ದಾಗ ಉಳಿದ ಕೊನೇ ನಾಲ್ಕು ಶಾಟ್, ಒಂದು ಹೆಜ್ಜೆ ಎಡಕ್ಕೆ ಇಟ್ಟಿದ್ದಕ್ಕೆ ಕರೆಂಟ್ ಕಂಬ ಫ್ರೇಮ್‌ನಿಂದ ಹೋಗಿದ್ದು. ಅದನ್ನ ಫ್ರೆಂಡ್‌ಗೆ ವಾಯ್ಸ್ ನೋಟ್ ಕಳಿಸೋ ಥರ ಒಂದು ಸಲ ಹೇಳಿ ರೆಕಾರ್ಡ್ ಮಾಡ್ಕೊಳಿ, ಆಮೇಲೆ ಅದನ್ನೇ ಟೈಪ್ ಮಾಡಿ. ಮೊದಲ ಸಾಲು ಮಾತ್ರ ಯೋಚ್ನೆ ಮಾಡಿ ಬರೀರಿ, ಉಳಿದಿದ್ದೆಲ್ಲ "ಮೋರ್" ಕೆಳಗೆ ಮುಚ್ಕೊಂಡಿರತ್ತೆ.

ಇನ್ನೊಂದು, ಕಾಮೆಂಟ್ ಬಂದ್ರೆ "ಥ್ಯಾಂಕ್ಯೂ" ಅಂತ ಮುಗಿಸ್ಬೇಡಿ. "ನಿಮಗೆ ಯಾಕೆ ಹಾಗನ್ನಿಸ್ತು?" ಅಂತ ಕೇಳಿದ್ರೆ ಮಾತು ಮುಂದಕ್ಕೆ ಹೋಗತ್ತೆ.

ಪ್ರಶ್ನೆ: ಯಾವ ಸೈಜ್, ಎಷ್ಟು ಹ್ಯಾಶ್‌ಟ್ಯಾಗ್, ಎಷ್ಟು ಗಂಟೆಗೆ ಹಾಕ್ಬೇಕು? ಇಷ್ಟು ಹೇಳಿ ಸಾಕು.

ಫೋನ್ ಸ್ಕ್ರೀನ್ ಉದ್ದಕ್ಕಿರೋದು, ಉದ್ದದ ಫೋಟೋನೇ ಜಾಸ್ತಿ ಜಾಗ ಹಿಡಿಯತ್ತೆ. 4:5, ಅಂದ್ರೆ 1080×1350 ಪಿಕ್ಸೆಲ್ ಆರಾಮಾಗಿ ಕೂರತ್ತೆ. ಪ್ರೊಫೈಲ್ ಗ್ರಿಡ್ 2025ರಲ್ಲಿ ಚೌಕ ಹೋಗಿ 3:4 ಆಗಿರೋದ್ರಿಂದ ಹಳೇ ಪೋಸ್ಟ್‌ಗಳು ಅಲ್ಲಿ ಹೇಗೆ ಕಾಣ್ತಿವೆ ಅಂತ ಒಂದು ಸಲ ನೋಡ್ಕೊಳಿ, ಅಂಚಲ್ಲಿ ಏನಾದ್ರೂ ಕತ್ತರಿಸಿ ಹೋಗಿರಬಹುದು. ಅಡ್ಡ ಲ್ಯಾಂಡ್‌ಸ್ಕೇಪ್ ಇದ್ರೆ ಅದನ್ನ ಎರಡು ಮೂರು ತುಂಡು ಮಾಡಿ ಸ್ವೈಪ್ ಮಾಡಿದ್ರೆ ಮುಂದುವರಿಯೋ ಥರ ಹಾಕಿ.

ಹ್ಯಾಶ್‌ಟ್ಯಾಗ್ ರಾಶಿ ಹಾಕಿದ್ರೆ ರೀಚ್ ಏರತ್ತೆ ಅನ್ನೋದನ್ನ ಮರೆತುಬಿಡಿ, ಫೋಟೋದಲ್ಲಿ ಏನಿದೆಯೋ ಅದನ್ನ ಹೇಳೋ ಮೂರ್ನಾಲ್ಕು ಸಾಕು. ಟೈಮ್ ಬಗ್ಗೆ ನನ್ನ ಕೇಳ್ಬೇಡಿ, ನಿಮ್ಮ ಫಾಲೋವರ್ಸ್ ಯಾವಾಗ ಆನ್‌ಲೈನ್ ಇರ್ತಾರೆ ಅಂತ ಇನ್‌ಸೈಟ್ಸ್‌ನಲ್ಲೇ ಇದೆ, ಪ್ರೊಫೆಶನಲ್ ಅಕೌಂಟ್ ಮಾಡ್ಕೊಂಡ್ರೆ ಕಾಣತ್ತೆ.

ಪ್ರಶ್ನೆ: ಹಕ್ಕಿ ಗೂಡಿನ ಫೋಟೋ ಹಾಕಿದ್ದಕ್ಕೆ ಮೊದಲ ಸಲ ನೂರಕ್ಕಿಂತ ಜಾಸ್ತಿ ಕಾಮೆಂಟ್ ಬಂತು. ಎಲ್ರೂ "ಲೊಕೇಶನ್ ಪ್ಲೀಸ್" ಅಂತಿದಾರೆ. ಹಾಕ್ಲಾ?

ಬೇಡ. ಡಿಎಂನಲ್ಲೂ ಬೇಡ. ನಾಲ್ಕು ಜನ ಟ್ರೈಪಾಡ್ ತಗೊಂಡು ಗೂಡಿನ ಮುಂದೆ ನಿಂತ್ರೆ ತಾಯಿ ಹಕ್ಕಿ ಗೂಡು ಬಿಟ್ಟು ಹೋಗಿಬಿಡಬಹುದು. "ಮರಿಗಳು ಹಾರಿ ಹೋಗೋವರೆಗೂ ಹೇಳಲ್ಲ" ಅಂತ ಒಂದು ಕಾಮೆಂಟ್ ಬರೆದು ಪಿನ್ ಮಾಡಿ, ಅವು ಹಾರಿ ಹೋದ್ಮೇಲೆ ಖಾಲಿ ಗೂಡಿನ ಫೋಟೋ ಹಾಕಿ.