ಪ್ರಾಣಿಯ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನ ಮೇಲೆ ಈಗ ಯಾವ ಕೇಸ್ ಹಾಕಬಹುದು? ನಿಜಕ್ಕೂ ಬರೀ 50 ರೂಪಾಯಿ ದಂಡವೇ?

ಮೊದಲು ನೀವು ಬರೆದಿರುವ ಆ ಬೀದಿ ನಾಯಿಯನ್ನು ಸರ್ಕಾರಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸ್ನಾನ ಮಾಡಿಸಬೇಡಿ, ಗಾಯ ತೊಳೆಯಬೇಡಿ. ಉಳಿದದ್ದನ್ನು ಬಂದಮೇಲೆ ಓದಿದರೂ ನಡೆಯುತ್ತೆ.

ಮೊನ್ನೆ ರಾತ್ರಿ ನಿಮ್ಮ ಓಣಿಯ ಬೀದಿ ನಾಯಿಯ ಮೇಲೆ ಒಬ್ಬ ದೌರ್ಜನ್ಯ ಮಾಡಿದ್ದನ್ನು ಪಕ್ಕದ ಮನೆಯವರು ನೋಡಿದ್ದಾರೆ. 'ಠಾಣೆಗೆ ಹೋಗಿ ಏನು ಪ್ರಯೋಜನ, 50 ರೂಪಾಯಿ ಕಟ್ಟಿ ಹೊರಗೆ ಬರ್ತಾನೆ' ಅಂತ ಎಲ್ಲರೂ ಹೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ನಂಬಿ ಮನೆಯಲ್ಲಿ ಕೂತರೆ ಆ 50 ರೂಪಾಯಿಯೂ ಬೀಳುವುದಿಲ್ಲ.

2024ರ ಜೂನ್ 30ರವರೆಗೆ ನಿಮ್ಮ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. 1860ರ ಐಪಿಸಿಯ (ಭಾರತೀಯ ದಂಡ ಸಂಹಿತೆ) ಸೆಕ್ಷನ್ 377ರಲ್ಲಿ ಗಂಡಸು, ಹೆಂಗಸು ಎಂಬುದರ ಜೊತೆಗೆ 'ಪ್ರಾಣಿ' ಎಂಬ ಪದ ನೇರವಾಗಿ ಇತ್ತು. ಶಿಕ್ಷೆ ಹತ್ತು ವರ್ಷದವರೆಗೆ ಜೈಲು, ಇಲ್ಲವೇ ಜೀವಾವಧಿ, ಜೊತೆಗೆ ದಂಡ. 2018ರಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನನ್ನೇ ತೆಗೆದುಹಾಕಿತು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಕೋರ್ಟ್ ಹೇಳಿದ್ದು, ವಯಸ್ಕರು ಒಪ್ಪಿಕೊಂಡು ನಡೆಸುವ ಸಂಬಂಧ ಅಪರಾಧವಲ್ಲ ಎಂದು. ಒಪ್ಪಿಗೆ ಇಲ್ಲದ್ದು ಮತ್ತು ಪ್ರಾಣಿಗಳ ಮೇಲಿನದು ಅಪರಾಧವಾಗಿಯೇ ಉಳಿದಿತ್ತು. ಅದು ಹೋದದ್ದು ಆಮೇಲೆ. 2024ರ ಜುಲೈ 1ರಂದು ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು, ಅದರಲ್ಲಿ 377ಕ್ಕೆ ಬದಲಿ ಸೆಕ್ಷನ್ ಇಡಲಿಲ್ಲ. ಒಪ್ಪಿಗೆ ಇಲ್ಲದ್ದಕ್ಕೂ ಪ್ರಾಣಿಗಳಿಗೂ ಆ ರಕ್ಷಣೆ ಉಳಿಸಿಕೊಳ್ಳಿ ಅಂತ ಸಂಸತ್ತಿನ ಗೃಹ ವ್ಯವಹಾರಗಳ ಸ್ಥಾಯಿ ಸಮಿತಿ 2023ರಲ್ಲೇ ಹೇಳಿತ್ತು. ಕೇಳಲಿಲ್ಲ. 2024ರ ಅಕ್ಟೋಬರ್‌ನಲ್ಲಿ ವಿಷಯ ಸುಪ್ರೀಂ ಕೋರ್ಟ್ ಮುಂದೆ ಹೋದಾಗ, ಹೊಸ ಅಪರಾಧ ಸೇರಿಸುವುದು ಸಂಸತ್ತಿನ ಕೆಲಸ ಎಂದು ಕೋರ್ಟ್ ಅರ್ಜಿಯನ್ನು ಕೈಬಿಟ್ಟಿತು.

ಇದರ ಅರ್ಥ ಏನು ಅಂತ ನನಗೆ ಗೊತ್ತಾದದ್ದು ಒಂದು ಠಾಣೆಯಲ್ಲಿ. ಕಾನೂನು ಬದಲಾದ ಮೇಲೆ, ಒಬ್ಬ ಅಜ್ಜಿಯ ಕರುವಿನ ವಿಷಯಕ್ಕೆ ಅವರ ಜೊತೆ ಹೋಗಿದ್ದೆ. ದೂರು ಬರೆದುಕೊಳ್ಳುವ ಪೊಲೀಸ್, ಅಂದರೆ ರೈಟರ್, ಒಳ್ಳೆಯ ಮನುಷ್ಯ. ಹೊಸ ಸಂಹಿತೆಯ ಪುಸ್ತಕ ತೆಗೆದು, ರೂಢಿಯ ಬಲದ ಮೇಲೆ 377 ಹುಡುಕಿದರು. ಪುಸ್ತಕ 358ನೇ ಸೆಕ್ಷನ್‌ಗೇ ಮುಗಿಯಿತು. ಹಿಂದಿನ ಪುಟ ತಿರುವಿದರು, ಮತ್ತೆ ಮುಂದಿನ ಪುಟ. ಅಜ್ಜಿ ಅವರ ಬೆರಳನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ರೈಟರ್ ನನ್ನ ಕಡೆ ತಿರುಗಿ, 'ಯಾವುದರಲ್ಲಿ ಹಾಕೋದು ಹೇಳಿ' ಎಂದರು.

ಹಾಕಲು ಇರುವುದು ಮುಖ್ಯವಾಗಿ ಎರಡು ದಾರಿ. ನಿಮಗೆ ಎಲ್ಲರೂ ಹೇಳುತ್ತಿರುವ 50 ರೂಪಾಯಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11ರದು. ಪ್ರಾಣಿಗೆ ವಿನಾಕಾರಣ ನೋವು ಕೊಟ್ಟರೆ ಮೊದಲ ಸಲ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಈ ಮೊತ್ತ ದಶಕಗಳಿಂದ ಹಾಗೇ ಇದೆ. ಇಷ್ಟೇ ಆದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಈ ನೋವಿನ ಕಲಮಿನಡಿ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ, ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಜೊತೆಗೆ ಮೂರು ತಿಂಗಳ ಗಡುವು. ಘಟನೆ ನಡೆದು ಮೂರು ತಿಂಗಳು ದಾಟಿದರೆ ಈ ಕಾಯ್ದೆಯಡಿ ಕೇಸ್ ಶುರು ಮಾಡುವಂತೆಯೇ ಇಲ್ಲ. 'ನೋಡೋಣ, ಮುಂದಿನ ವಾರ ಬನ್ನಿ' ಅನ್ನುವ ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತೆ ಅಂತ ಇದರಿಂದಲೇ ಗೊತ್ತಾಗುತ್ತೆ, ಅಲ್ವಾ?

ಎರಡನೆಯದು ನ್ಯಾಯ ಸಂಹಿತೆಯ ಸೆಕ್ಷನ್ 325. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಅಥವಾ ಕೆಲಸಕ್ಕೆ ಬಾರದ ಹಾಗೆ ಮಾಡಿದರೆ ಐದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಹಿಂದೆ ಐಪಿಸಿಯಲ್ಲಿ ಪ್ರಾಣಿಯ ಬೆಲೆ ಎಷ್ಟು ಅಂತ ನೋಡುತ್ತಿದ್ದರು, ಈಗ ಅದು ಇಲ್ಲ. ಇದಕ್ಕೆ ಪೊಲೀಸರೇ ಎಫ್‌ಐಆರ್ ಹಾಕಬಹುದು. ಜಾಮೀನು ಸಿಗುವ ಅಪರಾಧವೇ, ಆದರೂ ಕೇಸ್ ನಡೆಯುತ್ತೆ. ಆದರೆ ಪ್ರಾಣಿಗೆ ಊನವಾಗಿದೆ ಎಂದು ತೋರಿಸಬೇಕು, ಹಾಗಾಗಿ ಎಲ್ಲವೂ ಪಶು ವೈದ್ಯರ ಸರ್ಟಿಫಿಕೇಟ್ ಮೇಲೆ ನಿಂತಿದೆ. ಸುಮ್ನೆ 'ಗಾಯವಾಗಿದೆ' ಎಂದು ಒಂದು ಸಾಲು ಬರೆಸಿಕೊಂಡು ಬರಬೇಡಿ. ಗಾಯ ಎಲ್ಲಿದೆ, ಎಷ್ಟು ಆಳ, ಎಷ್ಟು ಹಳೆಯದು, ಒಳಗೆ ಹರಿದಿದೆಯಾ, ಶಾಶ್ವತ ತೊಂದರೆ ಆಗುತ್ತಾ, ಇಷ್ಟನ್ನೂ ಬರೆಯಲು ಕೇಳಿಕೊಳ್ಳಿ. ಪರೀಕ್ಷೆಗೆ ಮಾದರಿ (ಸ್ಯಾಂಪಲ್) ತೆಗೆದು ಸೀಲ್ ಮಾಡಿ ಪೊಲೀಸರಿಗೆ ಕೊಡಲು ಹೇಳಿ.

ಆ ಕರುವಿನ ವಿಷಯದಲ್ಲಿ ವೈದ್ಯರು ಅರ್ಧ ಗಂಟೆ ಕೂತು ಬರೆದರು. ಅದು ಯಾರನ್ನೂ ಹಿಂಗಾಲಿನ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹಗ್ಗ ಸೋಕಿದರೂ ಗೋಡೆಗೆ ಒತ್ತಿಕೊಂಡು ನಡುಗುತ್ತಿತ್ತು. ಅಜ್ಜಿ ಕತ್ತು ತಬ್ಬಿ ಹಿಡಿದ ಮೇಲೆಯೇ ಪರೀಕ್ಷೆ ಸಾಧ್ಯವಾದದ್ದು. ಆ ನಡುಕವನ್ನೂ ವೈದ್ಯರು ಬರೆದರು. ಆ ಎರಡು ಹಾಳೆಯ ಬಲದಿಂದ 325 ಬಿತ್ತು. ಜೊತೆಗೆ ಕೊಟ್ಟಿಗೆಗೆ ನುಗ್ಗಿದ್ದಕ್ಕೆ ಅತಿಕ್ರಮ ಪ್ರವೇಶದ ಸೆಕ್ಷನ್ನೂ ಸೇರಿತು.

ಈಗ ನನಗೆ ನಿದ್ದೆ ಕೆಡಿಸುವ ವಿಷಯ. ಗಾಯ ಇಲ್ಲದಿದ್ದರೆ? ಈಗಿನ ಕಾನೂನು ಗಾಯ ನೋಡುತ್ತೆ, ನೋವು ನೋಡುತ್ತೆ, ಕೃತ್ಯವನ್ನು ನೋಡುವುದಿಲ್ಲ. ದೊಡ್ಡ ದನದ ಮೈಮೇಲೆ ಗುರುತೇ ಉಳಿಯದಿರಬಹುದು. ಕೆನಡಾದಲ್ಲೂ ಈ ಕೃತ್ಯಕ್ಕೆ ಕಾನೂನು ಬಳಸಿದ್ದ ಪದದಿಂದ ಇಂಥದ್ದೇ ತೊಡಕು ಬಂದಿತ್ತು. 2016ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹಳೆಯ ಪದವನ್ನು ಕಿರಿದಾಗಿ ಅರ್ಥ ಮಾಡಿ ಆರೋಪಿಯನ್ನು ಆ ಒಂದು ಆರೋಪದಿಂದ ಬಿಟ್ಟಿತು. 2019ರಲ್ಲಿ ಅವರ ಸಂಸತ್ತು, ಲೈಂಗಿಕ ಉದ್ದೇಶದಿಂದ ಪ್ರಾಣಿಯ ಜೊತೆ ಮಾಡುವ ಯಾವುದೇ ಸಂಪರ್ಕವೂ ಅಪರಾಧ ಎಂದು ತಿದ್ದಿತು. ನಮ್ಮಲ್ಲೂ 2022ರ ನವೆಂಬರ್‌ನಲ್ಲಿ ಪ್ರಾಣಿ ಹಿಂಸೆ ಕಾಯ್ದೆಗೆ ತಿದ್ದುಪಡಿಯ ಕರಡು ಬಂದಿತ್ತು. ಅದರಲ್ಲಿ ಈ ಕೃತ್ಯವನ್ನು ಹೆಸರಿಟ್ಟು 'ಘೋರ ಕ್ರೌರ್ಯ'ದ ಪಟ್ಟಿಗೆ ಸೇರಿಸಿ, ಜೈಲು ಶಿಕ್ಷೆ ಇಟ್ಟಿದ್ದರು. ಅದು ಇನ್ನೂ ಕರಡೇ.

ಇನ್ನೆರಡು ಸಣ್ಣ ಮಾತು. ಯಾರಾದರೂ ವಿಡಿಯೋ ತೆಗೆದಿದ್ದರೆ ಮೂಲ ಫೋನ್ ಸಮೇತ ಪೊಲೀಸರಿಗೆ ಕೊಡಿ, ಗ್ರೂಪ್‌ಗಳಿಗೆ ಹಾಕಬೇಡಿ. ಅಂಥ ದೃಶ್ಯ ಹಂಚಿದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯಡಿ ಹಂಚಿದವರ ಮೇಲೆಯೇ ಕೇಸ್ ಆಗಬಹುದು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಹಿಂಬರಹ (ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಬರಹದಲ್ಲಿ ಉತ್ತರ) ಕೇಳಿ. ಅದೇ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಎಸ್‌ಪಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ದೂರಿನಲ್ಲಿ 325ನ್ನು ಮತ್ತು ಪ್ರಾಣಿ ಹಿಂಸೆ ಕಾಯ್ದೆಯ 11ನ್ನು ನೀವೇ ಬರೆದು ಕೊಡಿ, ಪುಸ್ತಕ ತಿರುವುವ ಕೆಲಸ ಅವರಿಗೆ ಬಿಡಬೇಡಿ. ನೋಡಿದ ಪಕ್ಕದ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಹೇಳಿಕೆ ಇವತ್ತೇ ದಾಖಲಾಗಲಿ.