ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಕಾನೂನಿನ ರಕ್ಷಣೆ ಇದೆಯಾ? ಇನ್ನೂ ಏನು ಕೇಳಬೇಕು?

ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇವರಿಗೂ ಎಲ್ಲರ ಹಾಗೆಯೇ ಆಸ್ತಿ ಹೊಂದುವ, ತಮ್ಮ ಹಣ ನೋಡಿಕೊಳ್ಳುವ ಹಕ್ಕಿದೆ. ಹಿಂಸೆ ಕಂಡರೆ ಯಾರು ಬೇಕಾದರೂ ತಹಶೀಲ್ದಾರರಿಗೆ ತಿಳಿಸಬಹುದು, ಮನೆಯವರೇ ಆಗಬೇಕೆಂದಿಲ್ಲ. ಬೇಕಂತಲೇ ನಾಲ್ಕು ಜನರೆದುರು ಅವಮಾನ ಮಾಡಿದರೂ 6 ತಿಂಗಳಿಂದ 5 ವರ್ಷದವರೆಗೆ ಜೈಲು.

ನನ್ನ ತಮ್ಮ ಬೆಳಿಗ್ಗೆ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಶಂಕರಪುರ ಮಲ್ಲಿಗೆ ಕಟ್ಟುತ್ತಾನೆ. ಅದರ ದುಡ್ಡಿಗೆ ಖಾತೆ ತೆರೆಯಲು ಹೋದಾಗ ಬ್ಯಾಂಕಿನವರು ಅವನ ಮುಖ ಸಹ ನೋಡಲಿಲ್ಲ. "ಇವನಿಗೆ ಖಾತೆ ಯಾಕೆ?" ಅಂತ ನನ್ನನ್ನೇ ಕೇಳಿದರು. ಅವನು ಪಕ್ಕದಲ್ಲೇ ನಿಂತಿದ್ದ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

18 ದಾಟಿದವರಿಗೆ ಕಾನೂನಿನ ಪ್ರಕಾರ ಪಾಲಕರು (ಗಾರ್ಡಿಯನ್) ಬೇಕಾದರೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಉಡುಪಿಯವರು ಮಣಿಪಾಲದ ರಜತಾದ್ರಿಯಲ್ಲಿ, ಜಿಲ್ಲಾಧಿಕಾರಿ ಕಚೇರಿಯಲ್ಲೇ ವಿಚಾರಿಸಿ. ಪಾಲಕರು ನೇಮಕವಾದ 6 ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿ, ಆಮೇಲೆ ವರ್ಷ ವರ್ಷ ಲೆಕ್ಕ ಕೊಡಬೇಕು.

ಆದರೆ ಲೆಕ್ಕ ಕೊಟ್ಟರೆ ಸಾಕಾ? ಪಾಲಕರು ಆ ವ್ಯಕ್ತಿಯ ಜೊತೆ ಕೂತು, ಕೇಳಿಯೇ ತೀರ್ಮಾನಿಸಬೇಕು ಅಂತ 2016ರ ಕಾಯ್ದೆ ಹೇಳುತ್ತದೆ. 1999ರ ಕಾಯ್ದೆಯಲ್ಲಿ ಆ ಮಾತಿಲ್ಲ. ಅದನ್ನು ಸೇರಿಸಿ ಅಂತ ನಮ್ಮ ಸಂಸದರಿಗೆ ಪತ್ರ ಬರೆಯೋಣ. ನಾನು ಬರೆದಿದ್ದೇನೆ, ತಮ್ಮನ ಸಹಿಯೂ ಅದರಲ್ಲಿದೆ.