ವಯಸ್ಸಾದ ಹೆಣ್ಣು ಕುದುರೆ ಜೊತೆ 2 ವರ್ಷದ ಗಂಡನ್ನು ಬಂದ ದಿನವೇ ಬಿಡಬಹುದಾ?

ಬೇಡ. ದಯವಿಟ್ಟು ಬೇಡ. ನಿಮ್ಮ ಹೆಣ್ಣು ಕುದುರೆಗೆ 18 ವರ್ಷ, ಮುಂದಿನ ತಿಂಗಳು ಬರುವ ಗಂಡಿಗೆ 2 ವರ್ಷ ಅಂತ ಬರೆದಿದ್ದೀರಿ. "ಬಿಟ್ಟುಬಿಡಿ, ಎರಡು ದಿನ ಕಚ್ಚಾಡಿ ಒದೆದಾಡಿ ಸುಮ್ಮನಾಗುತ್ತವೆ" ಅಂತ ಹೇಳುವವರು ನಿಮಗೆ ತುಂಬಾ ಜನ ಸಿಗುತ್ತಾರೆ. ಆ ಮಾತು ನಂಬಿ ನಾನೂ ಒಮ್ಮೆ ಹಾಗೇ ಮಾಡಿದ್ದೆ. ನಮ್ಮ ರಾಣಿ ರೇಸ್ ಬಿಟ್ಟು ಬಂದ ಥರೋಬ್ರೆಡ್, ಆಗ ಅವಳಿಗೆ 17. ಹೊಸದಾಗಿ ತಂದ ಮರಿ ಅವಳನ್ನು ಅಟ್ಟಾಡಿಸಿಕೊಂಡು ಹೋಯಿತು, ಅವಳು ಮೂಲೆಗೆ ಸಿಕ್ಕಿಕೊಂಡಳು, ತಿರುಗಲು ಜಾಗವಿಲ್ಲದೆ ಮುಳ್ಳುತಂತಿಗೆ ನುಗ್ಗಿದಳು. ಎದೆಗೆ 14 ಹೊಲಿಗೆ. ಮರಿಯದ್ದೇನೂ ತಪ್ಪಿಲ್ಲ, ಅದರ ವಯಸ್ಸೇ ಹಾಗೆ. ತಪ್ಪು ನನ್ನದು.

ಎರಡು ವರ್ಷದ ನಂತರ ಬಾದಲ್ ಬಂದ. ಎರಡೂವರೆ ವರ್ಷದ ಕಾಠಿಯಾವಾಡಿ ತಳಿಯ ಗಂಡು. ಆ ಸಲ ನಾವು ಅವಸರ ಮಾಡಲಿಲ್ಲ.

ಮೊದಲ 3 ವಾರ ಹೊಸಬನನ್ನು ದೂರದಲ್ಲಿ ಇಡಿ. ಒಬ್ಬರಿಗೊಬ್ಬರು ಕಂಡರೆ ಸಾಕು, ಮೂಗು ತಾಗಬಾರದು. ಬಕೆಟ್, ಬ್ರಷ್, ಹಗ್ಗ ಎಲ್ಲಾ ಬೇರೆ. ದಿನಾ ಮೊದಲು ಹಳೆಯವಳ ಕೆಲಸ ಮುಗಿಸಿ, ಆಮೇಲೆ ಇವನ ಹತ್ತಿರ ಹೋಗಿ. ಸ್ಟ್ರಾಂಗಲ್ಸ್ ಅನ್ನುವ ಸೋಂಕು ತಗುಲಿದ 3ರಿಂದ 14 ದಿನದೊಳಗೆ ಕಾಣಿಸಿಕೊಳ್ಳುತ್ತದೆ, ದವಡೆ ಕೆಳಗೆ ಗಡ್ಡೆ ಎದ್ದು ಕೀವು ತುಂಬುತ್ತದೆ. ಅಂದರೆ ಲಾರಿಯಿಂದ ಇಳಿಯುವಾಗ ಕುದುರೆ ಚೆನ್ನಾಗೇ ಇರಬಹುದು. ದಿನಾ ಜ್ವರ ನೋಡಿ, 101.5 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. ಗ್ಲಾಂಡರ್ಸ್ ರಕ್ತ ಪರೀಕ್ಷೆ ಆಗಿದೆಯಾ ಅಂತ ಮಾರುವವರನ್ನು ಮುಂಚೆಯೇ ಕೇಳಿ, ಅದು ಮನುಷ್ಯರಿಗೂ ಅಂಟುವ ಕಾಯಿಲೆ. ಹಾಗೇ ಅವನಿಗೆ ಬೀಜ ತೆಗೆಸಿದ್ದಾರಾ, ಯಾವಾಗ ತೆಗೆಸಿದ್ದು ಅಂತಲೂ ಕೇಳಿ. 2 ವರ್ಷದ ಗಂಡು ಗಬ್ಬ ಕಟ್ಟಿಸಬಲ್ಲ. ಬೀಜ ತೆಗೆದ ಮೇಲೂ ಕೆಲವು ವಾರ ಆ ಶಕ್ತಿ ಉಳಿದಿರುತ್ತದೆ.

ಇದಾದ ಮೇಲೆ ಬೇಲಿಯ ಆಚೆ ಈಚೆ ಬಿಡಿ. ಒಂದು ವಾರವಾದರೂ. ಮೂಗಿಗೆ ಮೂಗು ತಾಗಿಸುತ್ತವೆ, ತಕ್ಷಣ ರಾಣಿ ಕೀಚಲು ದನಿಯಲ್ಲಿ ಕಿರುಚಿ ಮುಂಗಾಲು ನೆಲಕ್ಕೆ ಬಡಿಯುತ್ತಿದ್ದಳು, ಕಿವಿ ಹಿಂದಕ್ಕೆ ಅಂಟಿಸಿಕೊಳ್ಳುತ್ತಿದ್ದಳು. ಇದಕ್ಕೆ ಹೆದರಬೇಡಿ, ಅದು ಅವುಗಳ ಮಾತು. ಬಾದಲ್ ಕುತ್ತಿಗೆ ಚಾಚಿ, ಬಾಯಿ ಅರ್ಧ ತೆರೆದು, ಗಾಳಿ ಅಗಿಯುವ ಹಾಗೆ ಪಟಪಟ ಆಡಿಸುತ್ತಿದ್ದ. ಕಚ್ಚಲು ಬರುತ್ತಾನೆ ಅಂತ ನಮ್ಮ ಕುದುರೆ ನೋಡಿಕೊಳ್ಳುವ ಹುಡುಗ ಕೋಲು ಎತ್ತಿಕೊಂಡ. ಅದು ಕಚ್ಚುವುದಲ್ಲ, "ನಾನು ಚಿಕ್ಕವನು, ಬಿಟ್ಟುಬಿಡು" ಅಂತ ಮರಿಗಳು ದೊಡ್ಡವರಿಗೆ ತೋರಿಸುವ ರೀತಿ. ಆರನೇ ದಿನದ ಹೊತ್ತಿಗೆ ಕಿರುಚುವುದು ನಿಂತು ಇಬ್ಬರೂ ಬೇಲಿ ಪಕ್ಕದಲ್ಲೇ ಮೇಯತೊಡಗಿದರು, ಆಗ ಮುಂದಕ್ಕೆ ಹೋದೆವು.

ಒಟ್ಟಿಗೆ ಬಿಡುವ ದಿನ ಇಬ್ಬರ ಹಿಂಗಾಲಿನ ಲಾಳ ತೆಗೆಸಿ. ಲಾಳ ಇರುವ ಒದೆಗೆ ಮೂಳೆ ಮುರಿಯುವ ಅಪಾಯ ಜಾಸ್ತಿ. ಮುಖದ ಹಗ್ಗವನ್ನೂ ಬಿಚ್ಚಿ, ಒದೆಯುವಾಗ ಕಾಲು ಸಿಕ್ಕಿಕೊಳ್ಳುತ್ತದೆ. ಹೊಸಬನನ್ನು ಮೊದಲು ಒಬ್ಬನನ್ನೇ ಬಿಟ್ಟು ಬೇಲಿ ಎಲ್ಲೆಲ್ಲಿದೆ, ನೀರು ಎಲ್ಲಿದೆ ಅಂತ ಸುತ್ತಿ ನೋಡಲು ಬಿಡಿ. ಮೇವಿನ ಹೊತ್ತು ಬೇಡ, ತಿಂದು ಆದ ಮೇಲೆ. ನೀವು ಹೊರಗೆ ನಿಲ್ಲಿ, ಏನೇ ಆದರೂ ನಡುವೆ ನುಗ್ಗಬೇಡಿ. ಒಂದೆರಡು ಒದೆ, ಒಂದು ಓಟ ಇದ್ದೇ ಇರುತ್ತದೆ. ಆದರೆ ಅಟ್ಟಿಸುವುದು ನಿಲ್ಲದೇ ಹೋದರೆ, ಒಬ್ಬರು ಇನ್ನೊಬ್ಬರನ್ನು ಮೂಲೆಗೆ ಒತ್ತಿದರೆ, ಮುದುಕಿ ಬೆವರಿ ಏದುಸಿರು ಬಿಡತೊಡಗಿದರೆ ಮೇವಿನ ಬಕೆಟ್ ತೋರಿಸಿ ಬೇರೆ ಮಾಡಿ, ನಾಳೆ ನೋಡಿದರಾಯಿತು. ನಾವು ಮೊದಲ ದಿನ ಬಿಟ್ಟಿದ್ದು 40 ನಿಮಿಷ ಮಾತ್ರ. ರಾತ್ರಿ ಒಟ್ಟಿಗೆ ಬಿಟ್ಟಿದ್ದು ಎರಡು ವಾರದ ಮೇಲೆ.

ಎಲ್ಲರೂ ಮರಿಗೆ ಏಟು ಬೀಳುತ್ತದೇನೋ ಅಂತ ಮರಿಯನ್ನೇ ನೋಡುತ್ತಾರೆ. ನೀವು ಹಳೆಯವಳನ್ನು ನೋಡಿ. ಅವಳ ಹಲ್ಲು ಸವೆದಿರುತ್ತದೆ, ನಿಧಾನವಾಗಿ ತಿನ್ನುತ್ತಾಳೆ, ಆ ಹುಡುಗ ತನ್ನದು ಮುಗಿಸಿ ಅವಳದ್ದಕ್ಕೂ ಬಾಯಿ ಹಾಕುತ್ತಾನೆ. ಜಗಳವೇ ಕಾಣಿಸುವುದಿಲ್ಲ, ಅವಳು ಸುಮ್ನೆ ಪಕ್ಕಕ್ಕೆ ಸರಿದುಬಿಡುತ್ತಾಳೆ, ಒಂದು ತಿಂಗಳಲ್ಲಿ ಪಕ್ಕೆಲುಬು ಎದ್ದು ಕಾಣುತ್ತದೆ. ಎರಡು ಕುದುರೆಗೆ ಹುಲ್ಲು ಮೂರು ಕಡೆ ಹಾಕಿ, ಹತ್ತು ಮೀಟರ್ ಅಂತರವಾದರೂ ಇರಲಿ. ನೀರಿನ ತೊಟ್ಟಿ ಎರಡು. ನೆನೆಸಿದ ಬೂಸಾ, ಬೇಯಿಸಿದ ಹುರುಳಿ ಇಂಥದ್ದೆಲ್ಲ ಬೇರೆ ಬೇರೆ ಕಟ್ಟಿಯೇ ಕೊಡಿ, ಅವಳು ಪೂರ್ತಿ ಮುಗಿಸುವ ತನಕ ಅವನನ್ನು ಬಿಚ್ಚಬೇಡಿ. ವಾರಕ್ಕೊಮ್ಮೆ ಟೇಪಿನಲ್ಲಿ ಅವಳ ಎದೆ ಸುತ್ತಳತೆ ಬರೆದಿಡಿ.

ಇನ್ನೊಂದು ಗುರುತು. ಕುದುರೆ ನಿಂತೇ ತೂಕಡಿಸುತ್ತದೆ, ಆದರೆ ಗಾಢ ನಿದ್ದೆಗೆ ಮಲಗಲೇಬೇಕು, ಧೈರ್ಯ ಇಲ್ಲದ ಕಡೆ ಅದು ಮಲಗುವುದಿಲ್ಲ. ದಿನಾ ಬೆಳಿಗ್ಗೆ ರಾಣಿಯ ಪಕ್ಕೆಗೆ ಮಣ್ಣು ಹತ್ತಿದೆಯಾ ಅಂತ ನೋಡುತ್ತಿದ್ದೆ. ರಾತ್ರಿಯೂ ಒಟ್ಟಿಗೆ ಬಿಡತೊಡಗಿ ಐದನೇ ರಾತ್ರಿ ಕಳೆದ ಮೇಲೆ ಎಡಗಡೆ ಪೂರ್ತಿ ಕೆಂಪು ಮಣ್ಣು. ಅವತ್ತು ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ಒಮ್ಮೆ ಹೊಂದಿಕೊಂಡರೆ ಬಿಟ್ಟಿರಲಾರದಷ್ಟು ಅಂಟಿಕೊಳ್ಳುತ್ತವೆ. ಅದಕ್ಕೇ ಮೊದಲಿನಿಂದಲೂ ದಿನಕ್ಕೆ ಹತ್ತು ನಿಮಿಷ ಒಬ್ಬರನ್ನು ಆಚೆ ಕರೆದುಕೊಂಡು ಹೋಗುವ ರೂಢಿ ಮಾಡಿ, ಇಲ್ಲದಿದ್ದರೆ ಡಾಕ್ಟರ ಹತ್ತಿರ ಒಂದನ್ನು ಒಯ್ದಾಗ ಇನ್ನೊಂದು ಕೆನೆದು ಬೇಲಿ ಮುರಿಯುತ್ತದೆ.

ಅಂದಹಾಗೆ ನಿಮ್ಮಲ್ಲಿ ಬೇಲಿ ಯಾವುದು ಅಂತ ಬರೆದಿಲ್ಲ. ಕಲ್ಲುಕಂಬಕ್ಕೆ ಮುಳ್ಳುತಂತಿ ಎಳೆದಿದ್ದರೆ ಕುದುರೆ ಬರುವ ಮೊದಲೇ ಅದನ್ನು ತೆಗೆಸಿ, ಮೂಲೆಗಳಿಗೆ ಮರದ ಗಳು ಅಡ್ಡ ಕಟ್ಟಿಸಿ ದುಂಡಗೆ ಮಾಡಿಸಿ.